ಪಾಚಿಯಿಂದ ಡೀಸೆಲ್ ಆಗುತ್ತಾ? ಬಾಲ್ಕನಿಯ ಕ್ಯಾನ್‌ನಿಂದ ಶುರುವಾದ ಲೆಕ್ಕ

ಠಾಣೆ ಬಾಲ್ಕನಿ · ಮೇ 11, ಬೆಳಿಗ್ಗೆ 9.20

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಸೊಸೈಟಿಯ ಟೆರೇಸ್ ಟ್ಯಾಂಕ್ ತೊಳೆಸಿದೆವು. ಮುಚ್ಚಳ ಒಡೆದು ಬಿಸಿಲು ಒಳಗೆ ಬೀಳುತ್ತಿತ್ತು. ಗೋಡೆ ಪೂರ್ತಿ ಹಸಿರು ಲೋಳೆ. ನಾನು ಅದರಲ್ಲಿ ಒಂದು ಮಗ್ ತುಂಬಿಸಿಕೊಂಡು ಮನೆಗೆ ತಂದೆ. ಕುಡಿಯುವ ನೀರಿನ ಹಳೇ 20 ಲೀಟರ್ ಕ್ಯಾನ್‌ಗೆ ಸುರಿದು ನೀರು ತುಂಬಿಸಿದೆ. ಕುಂಡಕ್ಕೆ ಹಾಕುವ ಗೊಬ್ಬರ ಒಂದು ಚಿಟಿಕೆ ಹಾಕಿ, ಮೀನಿನ ತೊಟ್ಟಿಯ ಗಾಳಿ ಪಂಪ್ ಬಿಟ್ಟೆ.

ಮೊದಲ ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ನೀರು ನಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಎಂಟನೇ ದಿನಕ್ಕೆ ಕ್ಯಾನ್‌ನ ಹಿಂದಿನ ಬಾಲ್ಕನಿ ಗ್ರಿಲ್ ಕಾಣಿಸುವುದೇ ನಿಂತುಹೋಯಿತು. ಅಷ್ಟು ದಟ್ಟ ಹಸಿರು.

ಇದರಿಂದ ಡೀಸೆಲ್ ತೆಗೆಯಬಹುದು ಅಂತ ತುಂಬಾ ಕಡೆ ಓದಿದ್ದೇನೆ. ನಿಜಾನಾ? ನಿಜವಾದರೆ ಇಷ್ಟು ಸುಲಭವಾಗಿ ಬೆಳೆಯುವ ವಸ್ತು ಇನ್ನೂ ಪೆಟ್ರೋಲ್ ಬಂಕಿಗೆ ಯಾಕೆ ಬಂದಿಲ್ಲ? ಗೊತ್ತಿರುವವರು ಬಿಡಿಸಿ ಹೇಳಿ. ಮಗಳು ದಿನಾ ಕೇಳುತ್ತಿದ್ದಾಳೆ. ನನಗೂ ಸರಿಯಾದ ಉತ್ತರ ಬೇಕು.

ಲ್ಯಾಬ್ ಹುಡುಗಿ · ಮೇ 11, ಬೆಳಿಗ್ಗೆ 11.05

ಕ್ಯಾನ್ ಬಗ್ಗೆ ಓದಿ ತುಂಬಾ ಖುಷಿಯಾಯಿತು. ನಾನು ಮುಂಬೈಯ ಮಾಟುಂಗಾ ಕಡೆ ಓದುತ್ತಿದ್ದೇನೆ, ಇದೇ ವಿಷಯದ ಹತ್ತಿರದ ಕೆಲಸ.

ನಿಜ, ಪಾಚಿಯಲ್ಲಿ ಎಣ್ಣೆ ಇದೆ. ಶೇಂಗಾದಲ್ಲಿ, ಹೊಂಗೆಯಲ್ಲಿ ಇರುವ ಹಾಗೆಯೇ. ವ್ಯತ್ಯಾಸ ಏನಂದರೆ ಗಿಡಕ್ಕೆ ಬೇರು, ಕಾಂಡ, ಎಲೆ ಎಲ್ಲ ಕಟ್ಟಿಕೊಳ್ಳಬೇಕು. ಎಣ್ಣೆ ಬೀಜದಲ್ಲಿ ಮಾತ್ರ. ಪಾಚಿ ಒಂದೇ ಕೋಶ. ಕಾಂಡವೂ ಅದೇ, ಬೀಜವೂ ಅದೇ. ಚೆನ್ನಾಗಿ ಬೆಳೆಯುವಾಗ ಒಂದು ದಿನದೊಳಗೆ ಎರಡಾಗುತ್ತದೆ. ಒಣಗಿಸಿ ತೂಗಿದರೆ ನೂರು ಗ್ರಾಂಗೆ 20–30 ಗ್ರಾಂ ಎಣ್ಣೆ ಅಂಶ ಇರುವ ಜಾತಿಗಳು ಬೇಕಾದಷ್ಟಿವೆ. ಆ ಎಣ್ಣೆಗೆ ಮೆಥನಾಲ್, ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಬಿಸಿ ಮಾಡಿದರೆ ಬಯೋಡೀಸೆಲ್ ಮೇಲೆ, ಗ್ಲಿಸರಿನ್ ಕೆಳಗೆ. ಅಷ್ಟು ಹೊತ್ತಿಗೆ ಅದು ಹೊಂಗೆಯದ್ದೋ ಪಾಚಿಯದ್ದೋ ಎಂಜಿನ್‌ಗೆ ದೊಡ್ಡ ವ್ಯತ್ಯಾಸವಿಲ್ಲ.

ಜಗತ್ತು ಇದರ ಹಿಂದೆ ಬಿದ್ದದ್ದು ಒಂದು ಲೆಕ್ಕದಿಂದ. 2007ರಲ್ಲಿ ಯೂಸುಫ್ ಚಿಸ್ತಿ ಎಂಬ ವಿಜ್ಞಾನಿ ಒಂದು ಲೇಖನ ಬರೆದರು. ಹೆಕ್ಟೇರಿಗೆ ವರ್ಷಕ್ಕೆ ಸೋಯಾದಿಂದ 446 ಲೀಟರ್ ಎಣ್ಣೆ, ಜಟ್ರೋಫಾ ಎಂಬ ಎಣ್ಣೆಬೀಜದ ಗಿಡದಿಂದ 1,892, ತಾಳೆಯಿಂದ 5,950. ನೂರಕ್ಕೆ 30 ಎಣ್ಣೆ ಇರುವ ಪಾಚಿಯಿಂದ 58,700! ಈ ಒಂದು ಪಟ್ಟಿಯನ್ನು ಎಷ್ಟು ಜನ ಎತ್ತಿ ಹೇಳಿದರೋ ಲೆಕ್ಕವಿಲ್ಲ. ಅದು ಒಳ್ಳೆಯ ಬೆಳೆ ಬಂದರೆ ಎಷ್ಟಾಗಬಹುದು ಅನ್ನುವ ಅಂದಾಜು. ಕೊಳದಿಂದ ಅಳೆದು ತಂದದ್ದಲ್ಲ.

ಹಿರಿಯ ಮುಲುಂಡ್ · ಮೇ 11, ಮಧ್ಯಾಹ್ನ 3.40

ಜಟ್ರೋಫಾ ಹೆಸರು ಬಂತು, ಅದಕ್ಕೆ ಬರೆಯುತ್ತಿದ್ದೇನೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಹಾಕಿ ಅಂದಿತು. 2009ರ ಜೈವಿಕ ಇಂಧನ ನೀತಿ 2017ಕ್ಕೆ ಡೀಸೆಲ್ಲಿಗೆ ನೂರಕ್ಕೆ 20 ಬಯೋಡೀಸೆಲ್ ಬೆರೆಸುತ್ತೇವೆ ಅಂದಿತು. ಯಾವ ಬಂಕಿನಲ್ಲಿ ಸಿಕ್ಕಿತು ಹೇಳಿ? ನಮ್ಮ ಊರಲ್ಲಿ ಹೊಂಗೆ ಎಣ್ಣೆಯ ದೀಪ ಉರಿಯುವುದನ್ನು ಕಣ್ಣಾರೆ ನೋಡಿ ಬೆಳೆದವನು ನಾನು. ಎಣ್ಣೆ ಉರಿಯುತ್ತದೆ, ಅದರಲ್ಲಿ ಸಂಶಯವೇ ಇಲ್ಲ. ಆದರೆ ಕಾಗದದ ಹೆಕ್ಟೇರು ಬೇರೆ, ಹೊಲದ ಹೆಕ್ಟೇರು ಬೇರೆ. ಪಾಚಿಗೂ ಹಾಗೇ ಆಗಬಾರದು ಅಂತ ನನ್ನ ಆತಂಕ.

ಇಂಡಿ ಲಿಂಬೆ · ಮೇ 11, ರಾತ್ರಿ 8.15

ಹಿರಿಯರು ಹೇಳಿದ್ದು ನಮ್ಮ ಮನೆಯ ಕಥೆ. ಅಪ್ಪ ಎರಡು ಎಕರೆ ಜಟ್ರೋಫಾ ಹಾಕಿದ್ದರು. ಸಸಿ ಮಾರಿದ ಏಜೆಂಟ್ "ನೀರೇ ಬೇಡ, ಬೀಜ ನಾವೇ ಕೊಳ್ಳುತ್ತೇವೆ" ಅಂದಿದ್ದ. ನೀರಿಲ್ಲದೆ ಗಿಡ ಬದುಕಿತು, ಕಾಯಿ ಬಿಡಲಿಲ್ಲ. ಬಿಟ್ಟ ನಾಲ್ಕು ಚೀಲ ಬೀಜ ಕೊಳ್ಳಲು ಯಾರೂ ಬರಲಿಲ್ಲ. ನಾಲ್ಕು ವರ್ಷ ಕಾದು ಕಿತ್ತು ಹಾಕಿದೆವು. ಆ ಹೊಲದಲ್ಲಿ ಈಗ ಲಿಂಬೆ ಇದೆ.

ಹೋದ ವರ್ಷ ಇನ್ನೊಬ್ಬ ಬಂದು ಸ್ಪಿರುಲಿನಾ ಅನ್ನುವ ತಿನ್ನುವ ಪಾಚಿಯ ತೊಟ್ಟಿ ಕಟ್ಟಿಸಿ, ಪುಡಿ ನಾವೇ ಕೊಳ್ಳುತ್ತೇವೆ ಅಂದ. ಅದೇ ಮಾತು, ಅದೇ ಧಾಟಿ. ನಮ್ಮ ಪಕ್ಕದ ಹೊಲದವರು ಮುಂಗಡ ಕೊಟ್ಟು ಕಳೆದುಕೊಂಡರು. ಅದಕ್ಕೇ ಕೇಳುತ್ತೇನೆ: ಪಾಚಿ ಎಣ್ಣೆಯಲ್ಲಿ ನಿಜವಾಗಿ ಸಿಗುವುದು ಎಷ್ಟು? ಹೊಲದ ಲೆಕ್ಕ ಹೇಳಿ.

ಲ್ಯಾಬ್ ಹುಡುಗಿ · ಮೇ 11, ರಾತ್ರಿ 10.30

ಓದಿ ಬೇಜಾರಾಯಿತು. ಹೊಲದ ಲೆಕ್ಕವನ್ನೇ ಹೇಳುತ್ತೇನೆ.

ಅಮೆರಿಕದಲ್ಲಿ 1978ರಿಂದ 1996ರವರೆಗೆ ಇದಕ್ಕೆಂದೇ ಸರ್ಕಾರಿ ಕಾರ್ಯಕ್ರಮ ಇತ್ತು. ಸುಮಾರು 3,000 ಬಗೆಯ ಪಾಚಿ ಹುಡುಕಿ ತಂದು ಪರೀಕ್ಷೆ ಮಾಡಿದರು. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ ತಲಾ 1,000 ಚದರ ಮೀಟರ್‌ನ ಕೊಳಗಳಲ್ಲಿ ಬೆಳೆದರು. ಒಳ್ಳೆಯ ಒಂದು ದಿನ ಚದರ ಮೀಟರಿಗೆ 50 ಗ್ರಾಂ ಒಣ ಪಾಚಿ ಬಂದದ್ದುಂಟು. ಆದರೆ ವರ್ಷದ ಸರಾಸರಿ ನಿಂತದ್ದು ಸುಮಾರು 10 ಗ್ರಾಂಗೆ. ಚಳಿಗೆ ಬೆಳೆ ಕುಸಿಯುತ್ತಿತ್ತು.

ನಮ್ಮ ಕಡೆ ಅಂಥ ಚಳಿ ಇಲ್ಲ, ಹಾಗಾಗಿ 20 ಗ್ರಾಂ ಅಂತ ಇಟ್ಟುಕೊಳ್ಳೋಣ. ಹೆಕ್ಟೇರಿಗೆ ದಿನಕ್ಕೆ 200 ಕಿಲೋ ಒಣ ಪಾಚಿ. ಐದರಲ್ಲಿ ಒಂದು ಪಾಲು ಎಣ್ಣೆ ಅಂದರೆ 40 ಕಿಲೋ. ವರ್ಷಕ್ಕೆ 300 ದಿನ ಕೊಳ ಸರಿಯಾಗಿ ನಡೆದರೆ 12,000 ಕಿಲೋ. ಲೀಟರಿನಲ್ಲಿ 13,000ದ ಆಸುಪಾಸು. ತಾಳೆಗಿಂತ ಜಾಸ್ತಿಯೇ, ಅದು ಸಣ್ಣ ಮಾತಲ್ಲ. ಆದರೆ 58,700 ಎಲ್ಲಿ, ಇದೆಲ್ಲಿ?

ಇನ್ನೊಂದು ತೊಡಕು ಪಾಚಿಯ ಸ್ವಭಾವದಲ್ಲೇ ಇದೆ. ನಿಮ್ಮ ಕಡೆ ಜೋಳ ತುಂಬಿಡುವ ಹಗೇವು ಇರುತ್ತಿತ್ತಲ್ವಾ? ಬರಗಾಲದ ಭಯ ಇದ್ದಾಗ ಹಗೇವು ತುಂಬುತ್ತಾರೆ. ಪಾಚಿಯೂ ಹಾಗೇ. ಸಾರಜನಕ ಗೊಬ್ಬರ ಮುಗಿದು ಹಸಿವಾದಾಗ ಎಣ್ಣೆ ಕೂಡಿಡುತ್ತದೆ. ಆದರೆ ಆಗ ಬೆಳವಣಿಗೆ ನಿಲ್ಲುತ್ತದೆ. ಹೊಟ್ಟೆ ತುಂಬಾ ಗೊಬ್ಬರ ಕೊಟ್ಟರೆ ಸರಸರ ಬೆಳೆಯುತ್ತದೆ, ಎಣ್ಣೆ ಕೂಡಿಡುವುದಿಲ್ಲ. ಬೆಳೆಯೂ ಬೇಕು, ಎಣ್ಣೆಯೂ ಬೇಕು ಅಂದರೆ ಅದು ಕೇಳುವುದಿಲ್ಲ. ಈ ಗಂಟು ಬಿಡಿಸಲು 2009ರಲ್ಲಿ ತೈಲ ತೆಗೆಯುವ ಎಕ್ಸಾನ್‌ಮೊಬಿಲ್ ಕಂಪನಿಯು ಜೀನ್ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿ ಜೊತೆ ಸೇರಿತು. 60 ಕೋಟಿ ಡಾಲರ್‌ವರೆಗೆ ಹಾಕುವ ಮಾತು ಕೊಟ್ಟಿತು. 2017ರಲ್ಲಿ ಸಮುದ್ರದ ನೀರಲ್ಲಿ ಬೆಳೆಯುವ ಒಂದು ಸಣ್ಣ ಪಾಚಿಯ ಒಂದು ಜೀನಿನ ಕೆಲಸ ತಗ್ಗಿಸಿ, ಬೆಳವಣಿಗೆ ಅಷ್ಟಾಗಿ ಕಳೆದುಕೊಳ್ಳದೆ ಎಣ್ಣೆಯನ್ನು ಎರಡರಷ್ಟು ಮಾಡಿ ತೋರಿಸಿದರು. ಅದು ನಿಜಕ್ಕೂ ದೊಡ್ಡ ಕೆಲಸ. ಆದರೂ 2023ರಲ್ಲಿ ಎಕ್ಸಾನ್ ಕೈಬಿಟ್ಟಿತು.

ಐರೋಲಿ ಎಂಜಿನಿಯರ್ · ಮೇ 12, ಬೆಳಿಗ್ಗೆ 7.50

ಲೋಕಲ್‌ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಕೆಲಸ ಕೊಳಚೆ ನೀರು ಶುದ್ಧ ಮಾಡುವ ಘಟಕಗಳದ್ದು. ಹದಿನೆಂಟು ವರ್ಷ ಆಯಿತು. ಎಲ್ಲರೂ ಎಣ್ಣೆಯ ಬಗ್ಗೆ ಮಾತಾಡುತ್ತಿದ್ದೀರಿ. ನಾನು ನೀರಿನ ಬಗ್ಗೆ ಹೇಳುತ್ತೇನೆ. ಪಾಚಿ ಡೀಸೆಲ್ ಸಿಕ್ಕಿಕೊಂಡಿರುವುದು ಅಲ್ಲೇ.

ಠಾಣೆಯವರ ಕ್ಯಾನ್ ನೋಡಲು ಎಷ್ಟೇ ಹಸಿರಾಗಿರಲಿ, ಅದರಲ್ಲಿ ಲೀಟರಿಗೆ ಅರ್ಧ ಗ್ರಾಂ ಒಣ ಪಾಚಿ ಇದ್ದರೆ ಹೆಚ್ಚು. ತೆರೆದ ಕೊಳಗಳಲ್ಲೂ ಅಷ್ಟೇ. ಅಂದರೆ 20 ಲೀಟರಿನಲ್ಲಿ 10 ಗ್ರಾಂ ಪಾಚಿ. ಅದರಲ್ಲಿ ಎಣ್ಣೆ 2 ಗ್ರಾಂ. ಅರ್ಧ ಚಮಚವೂ ಇಲ್ಲ.

ಈಗ ಒಂದು ಲೀಟರ್ ಎಣ್ಣೆ ಬೇಕು ಅನ್ನಿ. ಅದರ ತೂಕ 900 ಗ್ರಾಂ. ಅದಕ್ಕೆ 4.5 ಕಿಲೋ ಒಣ ಪಾಚಿ ಬೇಕು. ಆ ಪಾಚಿ ತೇಲುತ್ತಿರುವುದು 9,000 ಲೀಟರ್ ನೀರಿನಲ್ಲಿ. ಬೇಸಿಗೆಯಲ್ಲಿ ನಿಮ್ಮ ಸೊಸೈಟಿ ಗೇಟಿಗೆ ಬರುವ 10,000 ಲೀಟರ್ ಟ್ಯಾಂಕರ್ ಇದೆಯಲ್ಲ, ಹೆಚ್ಚುಕಡಿಮೆ ಅಂಥದ್ದೊಂದು ಟ್ಯಾಂಕರ್ ಜಾಲಾಡಿದರೆ ಒಂದು ಲೀಟರ್ ಎಣ್ಣೆ.

ಜಾಲಾಡುವುದೂ ಸುಲಭವಲ್ಲ. ಕೋಶದ ಗಾತ್ರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ, ಇಲ್ಲವೇ ಅದಕ್ಕೂ ಸಣ್ಣದು. ತೂಕ ನೀರಿನಷ್ಟೇ. ಮೇಲಾಗಿ ಎಲ್ಲ ಕೋಶಗಳ ಮೈಮೇಲೂ ಋಣ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕೇ ತಾವಾಗಿ ತಳಕ್ಕೆ ಕೂರುವುದಿಲ್ಲ. ಮಜ್ಜಿಗೆ ಕಡೆಯುವ ಹಾಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಬೇರೆಯಾಗುತ್ತದೆ. ಆದರೆ ಅಷ್ಟೂ ನೀರನ್ನು ತಿರುಗಿಸಿದರೆ ಎಣ್ಣೆಯಿಂದ ಬರುವ ಶಕ್ತಿಗಿಂತ ಕರೆಂಟೇ ಜಾಸ್ತಿ ಹೋಗುತ್ತದೆ. ಪಟಿಕ ಹಾಕಿ ಗಡ್ಡೆ ಕಟ್ಟಿಸಬಹುದು, ಸಣ್ಣ ಗಾಳಿಗುಳ್ಳೆ ಬಿಟ್ಟು ತೇಲಿಸಿ ಮೇಲಿಂದ ಕೆನೆಯ ಹಾಗೆ ತೆಗೆಯಬಹುದು. ಎಲ್ಲ ಮುಗಿದ ಮೇಲೂ ಕೈಗೆ ಸಿಗುವುದು ಇಡ್ಲಿ ಹಿಟ್ಟಿನಂಥ ಪೇಸ್ಟ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಇನ್ನೂ ನೀರೇ. ಅದನ್ನು ಬೆಂಕಿಯಿಂದ ಒಣಗಿಸಿದರೆ ಪಾಚಿಯಲ್ಲಿರುವ ಶಕ್ತಿಯ ಅರ್ಧದಷ್ಟು ಒಣಗಿಸುವುದಕ್ಕೇ ಖರ್ಚು.

ಘಾಟ್ಕೋಪರ್ ಬಂತು, ಇಳಿಯುತ್ತೇನೆ. ಸಂಜೆ ಮುಂದುವರಿಸುತ್ತೇನೆ.

ಠಾಣೆ ಬಾಲ್ಕನಿ · ಮೇ 12, ಬೆಳಿಗ್ಗೆ 9.10

ಒಂದು ಲೀಟರಿಗೆ ಒಂದು ಟ್ಯಾಂಕರ್! ಈ ಮಾತು ಇಷ್ಟು ಸ್ಪಷ್ಟವಾಗಿ ಎಲ್ಲೂ ಓದಿರಲಿಲ್ಲ. ನಮ್ಮ ಸೊಸೈಟಿಗೆ ಮೇ ತಿಂಗಳಲ್ಲಿ ದಿನಾ ಎರಡು ಟ್ಯಾಂಕರ್ ಬರುತ್ತವೆ. ಬಂದ ಕೂಡಲೇ ಎಲ್ಲರೂ ಕಿಟಕಿಗೆ ಬರುತ್ತೇವೆ. ಅಂಥ ನೀರನ್ನು ಪಾಚಿಗೆ ಹಾಕುವುದು ನೆನೆಸಿಕೊಳ್ಳಲೂ ಆಗುವುದಿಲ್ಲ.

ಲ್ಯಾಬ್ ಹುಡುಗಿ · ಮೇ 12, ಮಧ್ಯಾಹ್ನ 1.15

ಎಂಜಿನಿಯರ್ ಸರ್ ಲೆಕ್ಕ ಸರಿಯಾಗಿದೆ. ಎರಡು ಮಾತು ಸೇರಿಸಬೇಕು, ಇಲ್ಲದಿದ್ದರೆ ಪಾಚಿಗೆ ಅನ್ಯಾಯ ಆಗುತ್ತದೆ.

ಮೊದಲನೆಯದು, ಆ 9,000 ಲೀಟರ್ ಖರ್ಚಾಗುವ ನೀರಲ್ಲ. ಪಾಚಿ ಸೋಸಿದ ಮೇಲೆ ಅದೇ ನೀರು ಮತ್ತೆ ಕೊಳಕ್ಕೆ ಹೋಗುತ್ತದೆ. ಆವಿಯಾದಷ್ಟು ತುಂಬಿಸಬೇಕು. ಸಿಹಿ ನೀರೇ ಬೇಕೆಂದೂ ಇಲ್ಲ. ಸಮುದ್ರದ ನೀರಲ್ಲಿ, ಉಪ್ಪಿನ ಬಾವಿಯ ನೀರಲ್ಲಿ ಬೆಳೆಯುವ ಜಾತಿಗಳಿವೆ.

ಎರಡನೆಯದು, ಒಣಗಿಸದೆಯೂ ಎಣ್ಣೆ ತೆಗೆಯುವ ದಾರಿ ಇದೆ. ಆ ಇಡ್ಲಿ ಹಿಟ್ಟಿನಂಥ ಪೇಸ್ಟನ್ನೇ ಒಂದು ದೊಡ್ಡ ಪ್ರೆಶರ್ ಕುಕ್ಕರಿನಂಥ ಉಪಕರಣಕ್ಕೆ ತಳ್ಳಿ 300ರಿಂದ 350 ಡಿಗ್ರಿ ಬಿಸಿ ಮಾಡುತ್ತಾರೆ. ಒತ್ತಡ ಗಾಳಿಯ ಒತ್ತಡದ 150–200 ಪಟ್ಟು, ಅದಕ್ಕೇ ನೀರು ಕುದಿಯುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಕಪ್ಪಗಿನ ಕಚ್ಚಾ ಎಣ್ಣೆ ಬೇರೆಯಾಗುತ್ತದೆ. ಕೊಬ್ಬು ಮಾತ್ರವಲ್ಲ, ಪ್ರೋಟೀನ್, ಪಿಷ್ಟದ ಭಾಗವೂ ಎಣ್ಣೆಯಾಗುತ್ತದೆ. ಭೂಮಿ ಹಳೆಯ ಸಮುದ್ರದ ಪಾಚಿಯನ್ನು ಹೂತು, ಕೋಟ್ಯಂತರ ವರ್ಷ ಬೇಯಿಸಿ ಮಾಡಿದ ಕೆಲಸವನ್ನೇ ಇಲ್ಲಿ ಬೇಗ ಮಾಡುತ್ತಾರೆ. ಜಗತ್ತಿನ ಕಚ್ಚಾ ತೈಲದ ಬಹುಪಾಲು ಹುಟ್ಟಿದ್ದೇ ಇಂಥ ಸಣ್ಣ ಜೀವಿಗಳಿಂದ. ತೊಂದರೆ ಏನಂದರೆ ಪ್ರೋಟೀನಿನ ಸಾರಜನಕ ಎಣ್ಣೆಗೂ ಬರುತ್ತದೆ. ಅದನ್ನು ತೆಗೆಯಲು ರಿಫೈನರಿಯಲ್ಲಿ ಹೈಡ್ರೋಜನ್ ಬೇಕು, ಅದಕ್ಕೆ ದುಡ್ಡು ಬೇಕು.

ನನಗೆ ತುಂಬಾ ಇಷ್ಟವಾದ ಪಾಚಿ ಒಂದಿದೆ, ಬೋಟ್ರಿಯೋಕಾಕಸ್ ಬ್ರೌನಿ. ಇದು ಎಣ್ಣೆಯನ್ನು ಕೋಶದ ಒಳಗೆ ಇಟ್ಟುಕೊಳ್ಳುವುದಿಲ್ಲ, ಹೊರಗೆ ಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗೆ ಕೋಶಗಳು, ಗಾಜು ಒತ್ತಿದರೆ ಸುತ್ತಲೂ ಹೊಳೆಯುವ ಎಣ್ಣೆ ಹನಿಗಳು. ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಬೆಳೆಯುವುದು ಮಾತ್ರ ತುಂಬಾ ನಿಧಾನ. ಜಪಾನಿನವರು ಇದರ ಬೇಗ ಬೆಳೆಯುವ ತಳಿ ಬೆಳೆಸಿ ವಿಮಾನದ ಇಂಧನ ಮಾಡಿದರು. 2020ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. 2021ರಲ್ಲಿ ಅಲ್ಲಿನ ಪ್ರಯಾಣಿಕ ವಿಮಾನಗಳಲ್ಲಿ ಬೆರೆಸಿ ಹಾರಿಸಿದರು.

ಕೊತ್ರೂಡ್ ಕಾಫಿ · ಮೇ 12, ಸಂಜೆ 5.30

ಪುಣೆಯಿಂದ ಒಂದು ವಿರೋಧದ ಮಾತು. ಬಿಸಿಲನ್ನು ಇಂಧನ ಮಾಡುವುದೇ ಗುರಿ ಅಲ್ವಾ? ಹಾಗಾದರೆ ಬಿಸಿಲಿನ ಲೆಕ್ಕ ಹಾಕೋಣ. ನಮ್ಮ ಕಡೆ ಒಂದು ಚದರ ಮೀಟರ್ ಮೇಲೆ ದಿನಕ್ಕೆ ಸುಮಾರು 5 ಯೂನಿಟ್ ಶಕ್ತಿಯ ಬಿಸಿಲು ಬೀಳುತ್ತದೆ. 20 ಗ್ರಾಂ ಪಾಚಿ ಬೆಳೆದರೆ ಅದರಲ್ಲಿ ಉಳಿದದ್ದು ನೂರಕ್ಕೆ ಎರಡು ಪಾಲು ಮಾತ್ರ. ಅದೇ ಜಾಗದಲ್ಲಿ ಸೋಲಾರ್ ಪ್ಯಾನೆಲ್ ಹಾಕಿದರೆ ನೂರಕ್ಕೆ 20. ಸೋಸುವುದು, ಹಿಂಡುವುದು ಯಾವುದೂ ಇಲ್ಲ. ಬಸ್ಸು, ರಿಕ್ಷಾ, ಸ್ಕೂಟರ್ ಎಲ್ಲ ಕರೆಂಟಿಗೆ ಬರುತ್ತಿವೆ. ಮುಂಬೈಯ ಬೆಸ್ಟ್ ಬಸ್ಸೇ ಕರೆಂಟಲ್ಲಿ ಓಡುತ್ತಿದೆ. ಅಂಥದ್ದರಲ್ಲಿ ಪಾಚಿ ಡೀಸೆಲ್ ಯಾರಿಗೆ ಬೇಕು?

ಒಂದು ಒಪ್ಪುತ್ತೇನೆ. ವಿಮಾನಕ್ಕೆ ಬ್ಯಾಟರಿ ಆಗುವುದಿಲ್ಲ. 2023ರ ಮೇ 19ರಂದು ನಮ್ಮ ಪುಣೆಯಿಂದ ದೆಹಲಿಗೆ ದೇಶಿ ಜೈವಿಕ ಇಂಧನ ಬೆರೆಸಿದ ಪ್ರಯಾಣಿಕ ವಿಮಾನ ಹಾರಿತು. ಆ ಇಂಧನದಲ್ಲಿ ಪುಣೆಯ ಪ್ರಾಜ್ ಕಂಪನಿಯ ಕೈ ಇತ್ತು. ಬೆರೆಸಿದ್ದು ನೂರಕ್ಕೆ ಒಂದು ಪಾಲಿನಷ್ಟು. ಅಂತಾರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ ಒಂದು ಪಾಲು, 2030ಕ್ಕೆ ಐದು ಪಾಲು ಅನ್ನುವುದು ದೇಶದ ಗುರಿ. ಅಲ್ಲಿಗೆ ಎಣ್ಣೆ ಬೇಕೇ ಬೇಕು. ಆದರೆ ಅದೂ ಪಾಚಿಯಿಂದಲೇ ಬರಬೇಕಾ?

ಮಾಟುಂಗಾ ಮಸಾಲೆ · ಮೇ 12, ರಾತ್ರಿ 11.40

ಹೋಟೆಲ್ ಮುಚ್ಚಿ ಈಗ ಕೂತೆ. ನಮ್ಮದು ಉಡುಪಿ ಹೋಟೆಲ್, ಅಪ್ಪನ ಕಾಲದಿಂದ. ಎಣ್ಣೆ ಬೇಕು ಅಂದಿರಲ್ಲ, ಎಣ್ಣೆ ನಮ್ಮ ಹತ್ತಿರ ಇದೆ. ವಡೆ, ಬೋಂಡ, ಪೂರಿ ಕರಿದ ಎಣ್ಣೆ. ಬಾಣಲೆ ಪಕ್ಕ ಡಬ್ಬಿ ಇಟ್ಟಿದ್ದೇನೆ, ಎರಡು ದಿನಕ್ಕೆ ಒಂದು ತುಂಬುತ್ತದೆ. ಕರಿದ ಎಣ್ಣೆ ಎಷ್ಟು ಕೆಟ್ಟಿದೆ ಅನ್ನುವುದನ್ನು ಟಿಪಿಸಿ ಅಂತ ಅಳೆಯುತ್ತಾರೆ. 2018ರ ಜುಲೈಯಿಂದ ಅದು ನೂರಕ್ಕೆ 25 ದಾಟಿದರೆ ಅಡುಗೆಗೆ ಬಳಸುವಂತಿಲ್ಲ. ಅದೇ ವರ್ಷ ಆಗಸ್ಟ್ 10ರಂದು ಅಂಥ ಎಣ್ಣೆಯನ್ನು ಬಯೋಡೀಸೆಲ್‌ಗೆ ಕಳಿಸುವ ಯೋಜನೆಯನ್ನು ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಶುರು ಮಾಡಿತು.

ಮೊದಲು ನಾನು ಮಾರುತ್ತಿದ್ದ ಒಬ್ಬ ವ್ಯಾಪಾರಿ ಅದನ್ನೇ ರಸ್ತೆ ಬದಿ ಅಂಗಡಿಗಳಿಗೆ ಅಗ್ಗದಲ್ಲಿ ಕೊಡುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ನನ್ನ ಬಾಣಲೆಯ ಕರಿ ಎಣ್ಣೆ ಯಾರದೋ ಮಗುವಿನ ಹೊಟ್ಟೆಗೆ ಹೋಗಿದೆ ಅನ್ನುವುದು ನೆನೆದರೆ ಈಗಲೂ ಸಂಕಟ. ಈಗ ಲೈಸೆನ್ಸ್ ಇರುವವರಿಗೇ ಕೊಡುತ್ತೇನೆ, ಚೀಟಿ ಇಟ್ಟುಕೊಳ್ಳುತ್ತೇನೆ. ಪಾಚಿಯ ಎಣ್ಣೆ ಬರುವಾಗ ಬರಲಿ. ಕೈಯಲ್ಲಿರುವ ಎಣ್ಣೆ ಮೊದಲು ಸರಿಯಾದ ಕಡೆ ಹೋಗಬೇಕು.

ಲ್ಯಾಬ್ ಹುಡುಗಿ · ಮೇ 13, ಬೆಳಿಗ್ಗೆ 8.20

ಮಸಾಲೆ ಅಣ್ಣ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಊರಿನ ಎಲ್ಲ ಬಾಣಲೆ ಸೇರಿಸಿದರೂ ವಿಮಾನಗಳಿಗೆ ಸಾಲುವುದಿಲ್ಲ. ತಾಳೆ ಹಾಕಲು ಕಾಡು ಕಡಿಯಬೇಕು. ಕೊತ್ರೂಡ್‌ನವರೇ, ಅದಕ್ಕೇ ಪಾಚಿಯನ್ನು ಪೂರ್ತಿ ಬಿಟ್ಟುಬಿಡಬೇಡಿ ಅನ್ನುತ್ತೇನೆ. ಅದಕ್ಕೆ ಹೊಲ ಬೇಡ, ಕಾಡು ಬೇಡ.

ವಾಸ್ಕೋ ಬಂದರು · ಮೇ 13, ಮಧ್ಯಾಹ್ನ 2.10

ಗೋವಾದಿಂದ ನಮಸ್ಕಾರ. ಹಡಗು ರಿಪೇರಿ ಕೆಲಸದಲ್ಲಿದ್ದೇನೆ. ಪಾಚಿ ಮತ್ತು ಇಂಧನ ಅಂದರೆ ನಮಗೆ ಬೇರೆಯೇ ಅರ್ಥ. ಹಡಗು ಡಾಕಿಗೆ ಬಂದಾಗ ಅದರ ಹೊಟ್ಟೆ ನೋಡಬೇಕು. ಕೈಯಿಟ್ಟರೆ ಜಾರುತ್ತದೆ. ಮೊದಲು ಹಸಿರು ಕಂದು ಲೋಳೆ, ಅದರ ಮೇಲೆ ಚಿಪ್ಪು. ಲೋಳೆ ಮಾತ್ರ ಇದ್ದರೂ ಹಡಗು ನೀರಲ್ಲಿ ಜಗ್ಗುತ್ತದೆ, ಎಣ್ಣೆ ಜಾಸ್ತಿ ಕುಡಿಯುತ್ತದೆ. ಹೆರೆದು ಬಣ್ಣ ಬಳಿದು ಕಳಿಸಿದರೆ ಅಷ್ಟು ಇಂಧನ ಉಳಿತಾಯ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಇದರ ಮೇಲೂ ಸಂಶೋಧನೆ ನಡೆದಿದೆ.

ಒಂದು ಪ್ರಶ್ನೆ. ಅಂಜುನಾ ಬಂಡೆಗಳ ಮೇಲೆ ರಾಶಿ ರಾಶಿ ಕಡಲಪಾಚಿ ಬೆಳೆಯುತ್ತದೆ. ಅದನ್ನು ಸೋಸುವ ಗೋಳೇ ಇಲ್ಲ, ಕೈಯಲ್ಲೇ ಕೀಳಬಹುದು. ಅದರಿಂದ ಡೀಸೆಲ್ ಆಗಲ್ವಾ?

ಲ್ಯಾಬ್ ಹುಡುಗಿ · ಮೇ 13, ಸಂಜೆ 6.00

ಅದರಲ್ಲಿ ಕೊಬ್ಬು ತುಂಬಾ ಕಡಿಮೆ. ಇರುವುದು ಹೆಚ್ಚಾಗಿ ಸಕ್ಕರೆ ಸರಪಳಿಗಳು. ಸಿಹಿ ತಿಂಡಿಗೆ ಹಾಕುವ ಚೈನಾ ಗ್ರಾಸ್ ಅಂಥದ್ದೇ ಕಡಲಪಾಚಿಯಿಂದ ಬರುವುದು. ಅದರಿಂದ ಬಯೋಗ್ಯಾಸ್, ಎಥನಾಲ್ ಮಾಡಬಹುದು, ಡೀಸೆಲ್ ಕಷ್ಟ. ಬಂಡೆಯ ಪಾಚಿ ಕೀಳಬೇಡಿ, ಮೀನಿನ ಮರಿಗಳಿಗೆ ಅದೇ ಮನೆ.

ಹಿರಿಯ ಮುಲುಂಡ್ · ಮೇ 13, ರಾತ್ರಿ 9.00

ನಮ್ಮ ಮನೆಯ ಪೂರ್ವಕ್ಕೆ ಮುಲುಂಡ್, ಭಾಂಡುಪ್ ಉಪ್ಪಿನ ಗದ್ದೆಗಳು. ಸಮುದ್ರದ ನೀರು, ಬಿಸಿಲು, ಸಮತಟ್ಟು ಜಾಗ ಎಲ್ಲ ಇದೆ. ಅಲ್ಲೇ ಪಾಚಿ ಕೊಳ ಮಾಡಬಹುದಲ್ಲ ಅಂತ ಹೊಳೆಯಿತು. ಆದರೆ ಆ ಗದ್ದೆಗಳು ಮಳೆಗಾಲದಲ್ಲಿ ನೀರು ಹಿಡಿದಿಡದಿದ್ದರೆ ನಮ್ಮ ರಸ್ತೆಗಳಿಗೆ ಬರುತ್ತದೆ. ಆಸೆ ಬಿಟ್ಟೆ.

ಐರೋಲಿ ಎಂಜಿನಿಯರ್ · ಮೇ 13, ರಾತ್ರಿ 10.10

ನಿನ್ನೆ ಸಂಜೆ ಬರೆಯುತ್ತೇನೆ ಅಂದಿದ್ದೆ, ಪಂಪ್ ಕೆಟ್ಟು ರಾತ್ರಿ ಅಲ್ಲೇ ಆಯಿತು. ಕ್ಷಮಿಸಿ.

ಹಿರಿಯರು ಬಿಟ್ಟದ್ದೇ ಒಳ್ಳೆಯದು. ಮುಂಬೈಯಲ್ಲಿ ಮಳೆಗಾಲಕ್ಕೆ 2,000 ಮಿಲಿಮೀಟರ್ ಮೀರಿ ಮಳೆ. ಪಾಚಿ ಕೊಳದ ಆಳ 30 ಸೆಂಟಿಮೀಟರ್, ಅದಕ್ಕಿಂತ ಆಳ ಮಾಡಿದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ. ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕೊಳ ಆರೇಳು ಸಲ ಪೂರ್ತಿ ತೊಳೆದುಹೋಗುತ್ತದೆ. ಮೋಡದಿಂದ ಬಿಸಿಲೂ ಇಲ್ಲ.

ನನ್ನ ನಂಬಿಕೆ ಇದು. ಎಣ್ಣೆಗಾಗಿ ಪಾಚಿ ಬೆಳೆದರೆ ನೀರು, ಗೊಬ್ಬರ, ಸೋಸುವುದು ಎಲ್ಲದರ ಖರ್ಚೂ ಎಣ್ಣೆಯ ತಲೆ ಮೇಲೆ ಬೀಳುತ್ತದೆ. ಆಗ ಅದು ಏಳುವುದಿಲ್ಲ. ಆದರೆ ಹೇಗೂ ಶುದ್ಧ ಮಾಡಲೇಬೇಕಾದ ನೀರು ಒಂದಿದೆ, ಕೊಳಚೆ. ಅದರಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಸಾರಜನಕ ಇರುತ್ತದೆ. ಅರ್ಧ ಗ್ರಾಂ ಪಾಚಿಗೆ ಅಷ್ಟು ಸಾಕು. ಯೂರಿಯಾ ಕೊಳ್ಳಬೇಕಿಲ್ಲ. ನಮ್ಮ ಘಟಕಗಳಲ್ಲಿ ಕರೆಂಟಿನ ಅರ್ಧದಷ್ಟು ಹೋಗುವುದು ನೀರಿಗೆ ಗಾಳಿ ಊದುವುದಕ್ಕೆ. ಪಾಚಿ ಬಿಸಿಲಿನಲ್ಲಿ ತಾನೇ ಆಮ್ಲಜನಕ ಕೊಡುತ್ತದೆ. ಕ್ಯಾಲಿಫೋರ್ನಿಯಾದ ವಿಲಿಯಂ ಓಸ್ವಾಲ್ಡ್ 1950ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದರು. ಬೆಂಗಳೂರಿನ ಐಐಎಸ್‌ಸಿಯಲ್ಲಿ ರಾಮಚಂದ್ರ ಅವರ ತಂಡ ಕೆರೆಗೆ ಬರುವ ಕೊಳಚೆಯಲ್ಲಿ ಬೆಳೆಯುವ ಪಾಚಿಯ ಮೇಲೆ ಕೆಲಸ ಮಾಡಿದೆ.

ಜಾಗ ಮಾತ್ರ ಬೇಕು. ದಿನಕ್ಕೆ 10 ಲಕ್ಷ ಲೀಟರ್ ಕೊಳಚೆ, ಅಂದರೆ ಎಂಟೊಂಬತ್ತು ಸಾವಿರ ಜನರದ್ದು. ಐದು ದಿನ ಕೊಳದಲ್ಲಿ ನಿಲ್ಲಬೇಕು ಅಂದರೆ ನಾಲ್ಕು ಎಕರೆ. ಅದರಿಂದ ದಿನಕ್ಕೆ 250 ಕಿಲೋ ಒಣ ಪಾಚಿ ಬಂದರೆ ಒಳ್ಳೆಯ ಬೆಳೆ. ಕೊಳಚೆಯ ಪಾಚಿಯಲ್ಲಿ ಎಣ್ಣೆ ಕಡಿಮೆ, ಹತ್ತರಲ್ಲಿ ಒಂದು ಪಾಲು ಅನ್ನಿ, 25 ಕಿಲೋ. ಎಣ್ಣೆ ಬೇಡ ಅನ್ನಿಸಿದರೆ ಅದೇ ಪಾಚಿಯನ್ನು ಬಯೋಗ್ಯಾಸ್ ತೊಟ್ಟಿಗೆ ಹಾಕಬಹುದು.

ಇಂಡಿ ಲಿಂಬೆ · ಮೇ 14, ಬೆಳಿಗ್ಗೆ 7.15

ನಾಲ್ಕು ಎಕರೆ ಮುಂಬೈಯಲ್ಲಿ ಸಿಗುವುದಿಲ್ಲ ಸರ್, ನಮ್ಮ ಕಡೆ ಸಿಗುತ್ತದೆ. ಊರ ಹೊರಗಿನ ಹಳ್ಳಕ್ಕೆ ಚರಂಡಿ ನೀರು ಹಾಗೇ ಹೋಗುತ್ತದೆ. ದಂಡೆಯಲ್ಲಿ ಪಾಳು ಜಮೀನಿದೆ. ಮಳೆ ಕಡಿಮೆ, ಬಿಸಿಲು ವರ್ಷಪೂರ್ತಿ. ಆ ನೀರು ಶುದ್ಧವಾಗಿ ಲಿಂಬೆ ಗಿಡಕ್ಕೆ ಬಂದರೆ ಸಾಕು, ಎಣ್ಣೆ ಮೇಲಿನ ಮಾತು. ಇದರ ಬಗ್ಗೆ ನಿಮ್ಮ ಹತ್ತಿರ ಕೂತು ಮಾತಾಡಬೇಕು. ಭಾನುವಾರ ಬರಲಾ?

ಐರೋಲಿ ಎಂಜಿನಿಯರ್ · ಮೇ 14, ಬೆಳಿಗ್ಗೆ 7.40

ಖಂಡಿತ ಬನ್ನಿ. ಹಳ್ಳದ ನೀರು ಒಂದು ಬಾಟಲಿ ತನ್ನಿ. ಊರಿಂದ ಬರುವವರ ಕೈಯಲ್ಲಿ ಕಳಿಸಿದರೂ ಸಾಕು, ಐಸ್ ಹಾಕಿ ಕಳಿಸಲಿ.

ಕೊತ್ರೂಡ್ ಕಾಫಿ · ಮೇ 14, ಬೆಳಿಗ್ಗೆ 9.30

ಇದಕ್ಕೆ ನನ್ನ ವಿರೋಧ ಇಲ್ಲ. ಕೊಳಚೆ ಶುದ್ಧ ಮಾಡುವ ಕೆಲಸ ಸೋಲಾರ್ ಪ್ಯಾನೆಲ್ ಮಾಡುವುದಿಲ್ಲ, ಒಪ್ಪಿದೆ.

ಹಿರಿಯ ಮುಲುಂಡ್ · ಮೇ 14, ಸಂಜೆ 6.45

ಇವತ್ತು ಐರೋಲಿ ಸೇತುವೆಯಿಂದ ಖಾಡಿ, ಅಂದರೆ ಸಮುದ್ರದ ಹಿನ್ನೀರು ನೋಡಿದೆ. ಕೆಸರಿನಲ್ಲಿ ಇನ್ನೂ ಕೆಲವು ರಾಜಹಂಸಗಳು ಉಳಿದಿವೆ. ಕೊಕ್ಕು ತಲೆಕೆಳಗು ಮಾಡಿ ನೀರು ಸೋಸುತ್ತಿದ್ದವು. ಅವು ತಿನ್ನುವುದೂ ಇಂಥ ಸಣ್ಣ ಪಾಚಿಯನ್ನೇ, ಆ ಗುಲಾಬಿ ಬಣ್ಣವೂ ಅದರಿಂದಲೇ. ಎಂಜಿನಿಯರ್ ಹೇಳಿದ ಸೋಸುವ ಕಷ್ಟ ನೆನಪಾಯಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಾಗಲಿಲ್ಲ.

ಠಾಣೆ ಬಾಲ್ಕನಿ · ಜೂನ್ 15, ಬೆಳಿಗ್ಗೆ 10.00

ತಿಂಗಳ ಮೇಲೆ ಬರುತ್ತಿದ್ದೇನೆ. ಲೆಕ್ಕ ನಾನೇ ಮಾಡಿ ನೋಡಬೇಕು ಅನ್ನಿಸಿತು. ಕ್ಯಾನ್‌ನಿಂದ 15 ಲೀಟರ್ ಬಕೆಟ್ಟಿಗೆ ತೆಗೆದೆ. ಪಟಿಕದ ಪುಡಿ ಕಲಸಿ ಹಾಕಿದೆ. ಮೊದಲು ಏನೂ ಆಗಲಿಲ್ಲ. ಹತ್ತು ನಿಮಿಷಕ್ಕೆ ನೀರೊಳಗೆ ಹಸಿರು ರವೆಯಂಥ ಕಾಳು ಕಾಣಿಸಿತು. ಮುಕ್ಕಾಲು ಗಂಟೆಗೆ ಎಲ್ಲ ತಳಕ್ಕೆ ಕೂತು ಮೇಲೆ ತಿಳಿನೀರು. ಹಳೇ ಪಂಚೆಯಲ್ಲಿ ಸೋಸಿ, ಸ್ಟೀಲ್ ತಟ್ಟೆಗೆ ಬಳಿದು ಎರಡು ದಿನ ಟೆರೇಸಲ್ಲಿ ಒಣಗಿಸಿದೆ. ಚಮಚದಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಎದ್ದು ಬಂತು. ತೂಗಿದೆ, 6 ಗ್ರಾಂ. ಮಗಳು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ.

ಉಳಿದ 5 ಲೀಟರಿಗೆ ಮತ್ತೆ ನೀರು ಹಾಕದೆ ಬಿಟ್ಟಿದ್ದೆ. ಕಳೆದ ವಾರ ಎರಡೇ ದಿನದಲ್ಲಿ ಹಸಿರು ಹೋಗಿ ಚಹಾದ ಬಣ್ಣ ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಚುಕ್ಕೆಗಳು ಓಡಾಡುತ್ತಿವೆ. ಏನದು?

ಲ್ಯಾಬ್ ಹುಡುಗಿ · ಜೂನ್ 15, ಮಧ್ಯಾಹ್ನ 12.30

ಸೋಸಿ, ಒಣಗಿಸಿ, ತೂಗಿ ನೋಡಿದ್ದಕ್ಕೆ ತುಂಬಾ ಸಂತೋಷ. ಆ 6 ಗ್ರಾಂನಲ್ಲಿ ಪಟಿಕದ ತೂಕವೂ ಸೇರಿದೆ, ಅದನ್ನೂ ಮಗಳಿಗೆ ಬರೆಯಲು ಹೇಳಿ. ಬಿಳಿ ಚುಕ್ಕೆಗಳು ಬಹುಶಃ ರೋಟಿಫರ್, ಪಾಚಿ ತಿನ್ನುವ ಸಣ್ಣ ಪ್ರಾಣಿ. ದೊಡ್ಡ ದೊಡ್ಡ ಕೊಳಗಳನ್ನೂ ಇವು ಎರಡು ಮೂರು ದಿನದಲ್ಲಿ ಖಾಲಿ ಮಾಡಿವೆ. ತೆರೆದ ಕೊಳದಲ್ಲಿ ವರ್ಷಗಟ್ಟಲೆ ತಾಳಿದ್ದು ಸ್ಪಿರುಲಿನಾ, ಡುನಾಲಿಯೆಲ್ಲಾದಂಥ ಕೆಲವೇ ಪಾಚಿಗಳು. ಒಂದಕ್ಕೆ ಕ್ಷಾರದ ನೀರು, ಇನ್ನೊಂದಕ್ಕೆ ತುಂಬಾ ಉಪ್ಪು. ಬೇರೆಯವು ಅಲ್ಲಿ ಬದುಕುವುದಿಲ್ಲ. ಸ್ಪಿರುಲಿನಾದಲ್ಲಿ ಎಣ್ಣೆ ಕಡಿಮೆ, ಆದರೆ ಬೆಳೆ ಕಾಪಾಡುವುದು ಹೇಗೆ ಅಂತ ಕಲಿಯಲು ಅದೇ ಒಳ್ಳೆಯದು. ಬೀಜದ ಹಾಗೆ ಹಾಕಲು ಸ್ವಲ್ಪ ಸ್ಪಿರುಲಿನಾ ಇರುವ ನೀರು ನಾನು ಕೊಡುತ್ತೇನೆ. ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಬೇಕು, ಉಳಿದ ಲವಣಗಳನ್ನು ನಾನೇ ತರುತ್ತೇನೆ.

ಠಾಣೆ ಬಾಲ್ಕನಿ · ಜೂನ್ 15, ಸಂಜೆ 7.20

ಕ್ಯಾನ್ ತೊಳೆದು ಒಳಗೆ ತಂದಿಟ್ಟೆ, ಹೊರಗೆ ಜೋರು ಮಳೆ. 5 ಲೀಟರಿಗೆ 84 ಗ್ರಾಂ ಸೋಡಾ. ಮಗಳು ತೂಗಿ ಡಬ್ಬಿಗೆ ಹಾಕಿ ಹೆಸರು ಬರೆದಿಟ್ಟಿದ್ದಾಳೆ. ಭಾನುವಾರ ಹತ್ತೂವರೆಗೆ ಮಾಟುಂಗಾ ಸ್ಟೇಷನ್ ಹೊರಗೆ ಕಾಯುತ್ತೇವೆ.